ಆಫೀಸಿನ ಮೇಲ್ ಬಂದು ಹೋಗಿ ಮಾಡುತ್ತಿದ್ದರೆ ಮೊದಲು ರೌಟರ್ ಆಫ್ ಮಾಡಬೇಡಿ

"ಮುಂಜಾನೆ ಬರೊಬ್ಬರಿ ಇತ್ತು ರೀ, ಈಗ ಮೇಲ್ ಹೋಗವಲ್ದು. ನೀವು ಬಂದು ನೋಡೂದ್ರಾಗ ಮತ್ತ ಚಾಲೂ ಆಗಿರ್ತೈತಿ." ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆಲ್ಲ ಈ ಫೋನ್ ಬಂದೇ ಬರುತ್ತದೆ. ಪೂರ್ತಿ ಬಂದ್ ಆದ ಮೇಲ್ ಸರಿ ಮಾಡುವುದು ಸುಲಭ, ದೋಷ ಕಣ್ಣೆದುರಿಗೇ ಇರುತ್ತದೆ. ಬಂದು ಹೋಗಿ ಮಾಡುವುದನ್ನು ಹಾಗೆ ಹಿಡಿಯಲು ಆಗುವುದಿಲ್ಲ. ಮೇಲ್ ಸರಿ ಇದ್ದಾಗ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

ನಾನು ಹೇಳುತ್ತಿರುವುದು ನಮ್ಮ ಕಡೆ ಜಾಸ್ತಿ ಕಾಣುವ ಥರದ ಆಫೀಸಿನ ಬಗ್ಗೆ. ಹಿಂದೆ ಫೌಂಡ್ರಿ ಅಥವಾ ಮಷಿನ್ ಶಾಪ್, ಮುಂದೆ ಆಫೀಸು, ಹತ್ತಿಪ್ಪತ್ತು ಕಂಪ್ಯೂಟರ್, ಒಂದು ಬ್ರಾಡ್‌ಬ್ಯಾಂಡ್ ಲೈನು. ಕಂಪನಿ ಹೆಸರಿನ ಡೊಮೈನ್ ಇರುತ್ತದೆ, ಮೇಲ್ ಎಲ್ಲೋ ದೂರದ ಹೋಸ್ಟಿಂಗ್ ಸರ್ವರಿನಲ್ಲಿ, ಅಂದರೆ ಬಾಡಿಗೆಗೆ ಸರ್ವರ್ ಕೊಡುವ ಕಂಪನಿಯಲ್ಲಿ, ಇರುತ್ತದೆ. ಕಂಪ್ಯೂಟರಿನಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್, ಅದರ ಜೊತೆಗೆ ಎಲ್ಲರ ಮೊಬೈಲಿನಲ್ಲೂ ಅದೇ ಮೇಲ್. ಪುಣೆಯ ಗಿರಾಕಿಯ ಪರ್ಚೇಸ್ ಆರ್ಡರ್ ಬರಬೇಕಾದ ಹೊತ್ತಿಗೇ ಸರ್ವರ್ ಸಿಗುತ್ತಿಲ್ಲ ಅಂತ ಪರದೆಯ ಮೇಲೆ ಬರುತ್ತದೆ.

ಆಗ ಎಲ್ಲರೂ ಮಾಡುವ ಕೆಲಸ ಒಂದೇ, ರೌಟರ್ ಆಫ್ ಮಾಡಿ ಆನ್ ಮಾಡುವುದು. ಸ್ವಲ್ಪ ಹೊತ್ತಿಗೆ ಮೇಲ್ ಬರುತ್ತದೆ. "ನೋಡ್ರಿ, ರೌಟರ್ ಕೆಟ್ಟೈತಿ" ಅಂತ ತೀರ್ಮಾನ ಆಗುತ್ತದೆ. ಹೊಸ ರೌಟರ್ ಬರುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ.

ಆಫ್ ಮಾಡಿದ್ದಕ್ಕೇ ಮೇಲ್ ಬಂತು ಅನ್ನುವುದು ನಿಜವೇ, ಆದರೆ ಅದರಿಂದ ರೌಟರ್ ಕೆಟ್ಟಿದೆ ಅಂತ ಆಗುವುದಿಲ್ಲ. ಪಬ್ಲಿಕ್ ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಲೈನಿನ ವಿಳಾಸದ ನಂಬರ್. ಸ್ಟ್ಯಾಟಿಕ್ ಐಪಿ (ಬದಲಾಗದ ನಂಬರ್) ಇಲ್ಲದ ಲೈನಿನಲ್ಲಿ ರೌಟರ್ ಮತ್ತೆ ಕನೆಕ್ಟ್ ಆದಾಗ ಎಷ್ಟೋ ಸಲ ಹೊಸ ಪಬ್ಲಿಕ್ ಐಪಿ ಸಿಗುತ್ತದೆ. ಹಳೆಯ ಐಪಿಯನ್ನು ಮೇಲ್ ಸರ್ವರ್ ಬ್ಲಾಕ್ ಮಾಡಿದ್ದರೆ ಹೊಸದಕ್ಕೆ ಆ ಬ್ಲಾಕ್ ಇರುವುದಿಲ್ಲ, ಅಷ್ಟೇ. ಇತ್ತ ರೌಟರಿನ ಲಾಗ್ ಅಳಿಸಿ ಹೋಯಿತು, ಆ ಹೊತ್ತಿನ ಐಪಿ ಯಾವುದಿತ್ತು ಅಂತಲೂ ಗೊತ್ತಾಗಲಿಲ್ಲ. ಅದಕ್ಕೇ ಮೇಲ್ ನಿಂತ ಹೊತ್ತಿನಲ್ಲಿ ರೌಟರ್ ಮುಟ್ಟಬೇಡಿ. ಆ ಹತ್ತು ನಿಮಿಷವೇ ನಿಮಗೆ ಬೇಕಾಗಿರುವುದು.

ಯಾರಿಗೆ, ಯಾವಾಗ

ಒಂದು ಹಾಳೆ ಅಂಟಿಸಿ. ಮೇಲ್ ನಿಂತ ಗಂಟೆ, ಯಾರ ಕಂಪ್ಯೂಟರ್, ಬರುವುದು ನಿಂತಿತ್ತೋ ಹೋಗುವುದು ನಿಂತಿತ್ತೋ, ಮತ್ತೆ ಎಷ್ಟು ಹೊತ್ತಿಗೆ ಬಂತು, ಇಷ್ಟು ಬರೆಯಲು ಹೇಳಿ. ಅಕೌಂಟ್ಸಿನವರು ಬರೆಯುತ್ತಾರೆ, ಸೇಲ್ಸಿನವರು ಬರೆಯುವುದಿಲ್ಲ, ಅವರನ್ನು ನೀವೇ ಕೇಳಬೇಕು. ಒಂದು ವಾರದ ಹಾಳೆ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಎಲ್ಲರಿಗೂ ಒಟ್ಟಿಗೆ ನಿಂತಿದ್ದರೆ ಒಂದು ದಾರಿ, ಒಬ್ಬರಿಗೇ ನಿಂತಿದ್ದರೆ ಇನ್ನೊಂದು. ಒಂದೇ ಮೇಲ್ ಐಡಿ ಬಳಸುವ ಮೂವರಿಗೆ ಮಾತ್ರ ನಿಂತಿದ್ದರೆ ಅದು ಮೂರನೆಯದೇ ದಾರಿ.

ಒಂದು ಮಾತನ್ನು ಮಾತ್ರ ಪೂರ್ತಿ ನಂಬಬೇಡಿ, "ಮೇಲ್ ಅಷ್ಟೇ ರೀ, ಇಂಟರ್ನೆಟ್ ಚಲೋ ಐತಿ." ಬ್ರೌಸರ್ ಪುಟ ತೆರೆದು ಕೆಲಸ ಮುಗಿಸಿ ಸುಮ್ಮನಾಗುತ್ತದೆ. ನಡುವೆ ಐದು ಸೆಕೆಂಡ್ ಲೈನು ಹೋದರೂ ಓದುತ್ತಾ ಕೂತವರಿಗೆ ಗೊತ್ತೇ ಆಗುವುದಿಲ್ಲ. ಮೇಲ್ ಸಾಫ್ಟ್‌ವೇರ್ ಹಾಗಲ್ಲ, ಸರ್ವರಿನ ಜೊತೆ ಒಂದು ಕನೆಕ್ಷನ್ ಹಿಡಿದುಕೊಂಡೇ ಇರುತ್ತದೆ. ಲೈನಿನ ದೋಷ ಮೊದಲು ಕಾಣುವುದು ಅಲ್ಲಿಯೇ.

ನಿಂತ ಹೊತ್ತಿನಲ್ಲಿ ಮಾಡಬೇಕಾದ್ದು

ಮೊದಲು ಹಾಟ್‌ಸ್ಪಾಟ್. ಮೇಲ್ ನಿಂತಿರುವ ಲ್ಯಾಪ್‌ಟಾಪನ್ನೇ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ ಸೆಂಡ್-ರಿಸೀವ್ ಒತ್ತಿ. ತಕ್ಷಣ ಬಂದರೆ ಸರ್ವರ್, ಪಾಸ್‌ವರ್ಡ್, ಔಟ್‌ಲುಕ್ ಮೂರೂ ಸರಿ ಇವೆ, ದೋಷ ಇರುವುದು ನಿಮ್ಮ ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲಿ, ಲೈನಿನಲ್ಲಿ ಅಥವಾ ಆ ಲೈನಿನ ಐಪಿಯಲ್ಲಿ. ಹಾಟ್‌ಸ್ಪಾಟಿನಲ್ಲೂ ಬರದಿದ್ದರೆ ಆಫೀಸಿನ ವೈರು ಎಳೆದಾಡುವುದು ಸುಮ್ನೆ ಟೈಂಪಾಸ್.

ಆಮೇಲೆ ಪಬ್ಲಿಕ್ ಐಪಿ ಬರೆದಿಟ್ಟುಕೊಳ್ಳಿ. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಕೇಳಿದರೂ ತೋರಿಸುವ ಸೈಟುಗಳು ಸಿಗುತ್ತವೆ.

ಮೂರನೆಯದು ಪೋರ್ಟ್ ಪರೀಕ್ಷೆ. ಪೋರ್ಟ್ ಅಂದರೆ ಸರ್ವರಿನಲ್ಲಿ ಒಂದೊಂದು ಕೆಲಸಕ್ಕೆ ಇರುವ ನಂಬರ್ ಹಾಕಿದ ಬಾಗಿಲು. ಮೇಲ್ ತರಿಸುವ ಪದ್ಧತಿ ಎರಡು, ಬರುವ ಮೇಲಿಗೆ ಐಮ್ಯಾಪ್ ಆದರೆ 993, ಪಾಪ್ ಆದರೆ 995. ಹೋಗುವ ಮೇಲಿಗೆ 465 ಅಥವಾ 587. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್ ಹಾಕಿ, ಮುಂದೆ ಮೇಲ್ ಸರ್ವರಿನ ಹೆಸರು, ಆಮೇಲೆ ಮೈನಸ್ ಪೋರ್ಟ್, ಅದರ ಮುಂದೆ 993. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ಬಾಗಿಲು ತೆರೆದಿದೆ, ಫಾಲ್ಸ್ ಬಂದರೆ ಮುಚ್ಚಿದೆ. ಬರೀ ಪಿಂಗ್ (ಇದ್ದೀಯಾ ಅಂತ ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್) ನೋಡಿ ಸರ್ವರ್ ಸತ್ತಿದೆ ಅನ್ನಬೇಡಿ, ಎಷ್ಟೋ ಹೋಸ್ಟಿಂಗಿನವರು ಪಿಂಗಿಗೆ ಉತ್ತರವನ್ನೇ ಕೊಡುವುದಿಲ್ಲ. ಪೋರ್ಟ್ 25 ಕೂಡ ಪರೀಕ್ಷೆಗೆ ಬೇಡ. ಅದು ಸರ್ವರ್ ಸರ್ವರುಗಳ ನಡುವಿನದು, ಬಹಳ ಕಡೆ ಬ್ರಾಡ್‌ಬ್ಯಾಂಡಿನವರೇ ಅದನ್ನು ಮುಚ್ಚಿರುತ್ತಾರೆ.

ಔಟ್‌ಲುಕ್ ಎರರ್ ಕೋಡಿನ ಫೋಟೋ ತೆಗೆದುಕೊಳ್ಳಿ. ಯಾರೂ ಅದನ್ನು ಓದುವುದಿಲ್ಲ, ಓಕೆ ಒತ್ತಿ ಮುಚ್ಚಿಬಿಡುತ್ತಾರೆ. ಕೋಡಿನ ಬಾಲದಲ್ಲಿ ಸಿಸಿಸಿ0ಡಿ ಇದ್ದರೆ ಸರ್ವರಿನ ಹೆಸರೇ ಸಿಗಲಿಲ್ಲ ಅಂತ, ಅಂದರೆ ಡಿಎನ್‌ಎಸ್ (ಸರ್ವರಿನ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ನೋಡಬೇಕು. ಸಿಸಿಸಿ0ಇ ಅಂದರೆ ಹೆಸರು ಸಿಕ್ಕಿತು, ಕನೆಕ್ಷನ್ ಆಗಲಿಲ್ಲ. ಸಿಸಿಸಿ0ಎಫ್ ಅಂದರೆ ಕನೆಕ್ಷನ್ ಆಗಿ ನಡುವೆ ಕಡಿಯಿತು. ಸಿಸಿಸಿ92 ಅಂದರೆ ಸರ್ವರ್ ಲಾಗಿನ್ ಒಪ್ಪಲಿಲ್ಲ.

ಒಂದೇ ಸಲಕ್ಕೆ ನಿಂತು ಆಮೇಲೆ ಬರಲೇ ಇಲ್ಲ ಅಂದರೆ ಅದು ಬೇರೆಯದೇ ದೋಷ. ಮೈಕ್ರೋಸಾಫ್ಟ್ ಕಂಪನಿಗಳಿಗೆ ಕೊಡುವ ತನ್ನ ಮೇಲ್ ಸೇವೆ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಬರೀ ಹೆಸರು-ಪಾಸ್‌ವರ್ಡಿನ ಹಳೆಯ ಲಾಗಿನ್ ಪದ್ಧತಿಯನ್ನು 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂತು. ಆಗ ಹಳೆಯ ಔಟ್‌ಲುಕ್‌ಗಳು ನಿಂತದ್ದು ಹಾಗೆ. ಅದು ಬಂದು ಹೋಗಿ ಮಾಡುವ ಕೇಸಲ್ಲ.

ಎಲ್ಲರಿಗೂ ಒಟ್ಟಿಗೆ ನಿಂತು, ತಾನೇ ಬರುತ್ತಿದ್ದರೆ

ಇದರಲ್ಲಿ ನನಗೆ ಮೊದಲು ಅನುಮಾನ ಬರುವುದು ಸರ್ವರಿನ ಬ್ಲಾಕ್ ಮೇಲೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೌಟರಿಗೆ ಸುಮ್ನೆ ದುಡ್ಡು ಹೋಗುವುದು ಇಲ್ಲೇ.

ಹೋಸ್ಟಿಂಗ್ ಸರ್ವರುಗಳಲ್ಲಿ ತಪ್ಪು ಪಾಸ್‌ವರ್ಡ್ ಎಣಿಸುವ ಕಾವಲು ಸಾಫ್ಟ್‌ವೇರ್ ಇರುತ್ತದೆ. ಫೇಲ್‌ಟುಬ್ಯಾನ್ ಅನ್ನುವುದು ಅದರಲ್ಲಿ ಒಂದು. ಅದನ್ನು ಹೇಗೆ ಬಂತೋ ಹಾಗೇ ಇಟ್ಟಿದ್ದರೆ 10 ನಿಮಿಷದೊಳಗೆ 5 ತಪ್ಪು ಆದ ಐಪಿಯನ್ನು 10 ನಿಮಿಷ ಬ್ಲಾಕ್ ಮಾಡುತ್ತದೆ. ಹೋಸ್ಟಿಂಗಿನವರು ಈ ಲೆಕ್ಕ ಬದಲಿಸಿಕೊಂಡಿರುತ್ತಾರೆ, ಕೆಲವರು ಗಂಟೆಗಟ್ಟಲೆ ಇಡುತ್ತಾರೆ. ಈಗ ನಿಮ್ಮ ಆಫೀಸಿನ ಇಪ್ಪತ್ತು ಕಂಪ್ಯೂಟರ್, ಮೂವತ್ತು ಮೊಬೈಲ್, ಪ್ರಿಂಟರ್ ಎಲ್ಲವೂ ಹೊರಗೆ ಹೋಗುವುದು ಒಂದೇ ಪಬ್ಲಿಕ್ ಐಪಿಯಿಂದ. ಒಂದು ಮೊಬೈಲ್ ಹಳೆಯ ಪಾಸ್‌ವರ್ಡ್ ಹಿಡಿದು ಬಡಿಯುತ್ತಾ ಕೂತರೆ ಸರ್ವರ್ ಇಡೀ ಆಫೀಸನ್ನೇ ಹೊರಗೆ ಹಾಕುತ್ತದೆ. ಹತ್ತು ನಿಮಿಷ ಬಿಟ್ಟು ತೆಗೆಯುತ್ತದೆ. ಮತ್ತೆ ಬಡಿಯುತ್ತದೆ, ಮತ್ತೆ ಹಾಕುತ್ತದೆ.

ಗುರುತು ಹೇಗೆ? ಎಲ್ಲರಿಗೂ ಒಂದೇ ನಿಮಿಷಕ್ಕೆ ನಿಲ್ಲುತ್ತದೆ. ಬೇರೆ ಸೈಟುಗಳು ಚೆನ್ನಾಗಿ ತೆರೆಯುತ್ತವೆ. ಹಾಟ್‌ಸ್ಪಾಟಿನಲ್ಲಿ ಮೇಲ್ ಬರುತ್ತದೆ. ಕಂಪನಿಯ ವೆಬ್‌ಸೈಟೂ ಅದೇ ಸರ್ವರಿನಲ್ಲಿದ್ದರೆ ಎಷ್ಟೋ ಸಲ ಅದೂ ಆಫೀಸಿನಿಂದ ತೆರೆಯುವುದಿಲ್ಲ, ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ಇಷ್ಟೂ ಸೇರಿದರೆ ಬೇರೆ ಯಾವುದನ್ನೂ ಹುಡುಕಬೇಡಿ. ಕೆಲವು ಸರ್ವರುಗಳಲ್ಲಿ ಪೋರ್ಟ್ ತೆರೆದೇ ಇರುತ್ತದೆ, ಆದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಅನ್ನುತ್ತದೆ. ಸಿಪ್ಯಾನೆಲ್ ಅನ್ನುವ ಹೋಸ್ಟಿಂಗ್ ಸಾಫ್ಟ್‌ವೇರಿನ ಕಾವಲು ಸಿಪಿಹಲ್ಕ್ ಇರುವ ಕಡೆ ಹೀಗಾಗುತ್ತದೆ. ಆಗ ಜನ ಗಾಬರಿಯಾಗಿ ಪಾಸ್‌ವರ್ಡ್ ಬದಲಿಸುತ್ತಾರೆ. ಬದಲಿಸಿದರೆ ಹಳೆಯ ಪಾಸ್‌ವರ್ಡ್ ಹಿಡಿದಿರುವ ಮೊಬೈಲುಗಳ ಸಂಖ್ಯೆ ಇನ್ನೂ ಜಾಸ್ತಿ ಆಗುತ್ತದೆ!

ಬಡಿಯುತ್ತಿರುವುದು ಯಾರು ಅಂತ ಹುಡುಕಲು ಹಾಳೆ ಇದೆಯಲ್ಲ, ಅದನ್ನು ಹಾಜರಿ ಪುಸ್ತಕದ ಪಕ್ಕ ಇಡಿ. ಸೇಲ್ಸಿನವರೊಬ್ಬರು ಕೊಲ್ಹಾಪುರಕ್ಕೋ ಹುಬ್ಬಳ್ಳಿಗೋ ಟೂರ್ ಹೋದ ದಿನಗಳಲ್ಲಿ ಮೇಲ್ ಒಂದು ಸಲವೂ ನಿಂತಿಲ್ಲ ಅಂದರೆ ಅವರ ಮೊಬೈಲ್ ನೋಡಿ. ಮನೆಯಲ್ಲಿ, ದಾರಿಯಲ್ಲಿ ಅದು ಮೊಬೈಲ್ ಡೇಟಾದಿಂದ ಬಡಿಯುತ್ತದೆ, ಆಫೀಸಿಗೆ ತೊಂದರೆ ಇಲ್ಲ. ಒಳಗೆ ಬಂದು ವೈಫೈ ಹಿಡಿಯಿತೋ, ಶುರು. ಮನುಷ್ಯರಷ್ಟೇ ಅಲ್ಲ. ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಪ್ರಿಂಟರಿನಲ್ಲಿ ಒಂದು ಪಾಸ್‌ವರ್ಡ್ ಕೂತಿರುತ್ತದೆ. ಸಿಸಿಟಿವಿಯ ರೆಕಾರ್ಡರಿನಲ್ಲಿ ಏನಾದರೂ ಅಲುಗಾಡಿದರೆ ಮೇಲ್ ಕಳಿಸು ಅಂತ ಯಾರೋ ಹಾಕಿಟ್ಟಿರುತ್ತಾರೆ. ಬಿಲ್ ಮಾಡುವ ಸಾಫ್ಟ್‌ವೇರಿನಲ್ಲೂ ಒಂದು ಪಾಸ್‌ವರ್ಡ್ ಇರುತ್ತದೆ. ಕ್ಯಾಮೆರಾ ಕೂಡಿಸಿದವನಿಗೆ ಅದು ನೆನಪಿರುವುದಿಲ್ಲ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ, ಗೇಟಿನಲ್ಲಿ ಓಡಾಟ ಜಾಸ್ತಿ ಇದ್ದಾಗ ಮೇಲ್ ನಿಲ್ಲುತ್ತಿದ್ದರೆ ಮೊದಲು ಆ ರೆಕಾರ್ಡರ್ ತೆರೆದು ನೋಡಿ.

ಇದಕ್ಕಿಂತ ಸುಲಭದ ದಾರಿ, ಹೋಸ್ಟಿಂಗಿನವರನ್ನೇ ಕೇಳುವುದು. ನಿಮ್ಮ ಪಬ್ಲಿಕ್ ಐಪಿ ಕೊಟ್ಟು, ಈ ಐಪಿಯಿಂದ ಯಾವ ಮೇಲ್ ಐಡಿಗೆ ಲಾಗಿನ್ ಫೇಲ್ ಆಗುತ್ತಿದೆ ಅಂತ ಕೇಳಿ. ಸುಮ್ನೆ "ಅನ್‌ಬ್ಲಾಕ್ ಮಾಡಿ" ಅಂದರೆ ಅಷ್ಟೇ ಮಾಡಿ ಟಿಕೆಟ್ ಮುಚ್ಚುತ್ತಾರೆ, ನಾಳೆ ಮತ್ತೆ ಬ್ಲಾಕ್. ಐಡಿ ಸಿಕ್ಕರೆ ಅದು ಯಾವ ಯಾವ ಉಪಕರಣದಲ್ಲಿದೆ ಅಂತ ಹುಡುಕುವುದು ಒಂದು ಮಧ್ಯಾಹ್ನದ ಕೆಲಸ.

ನಿಮ್ಮ ಐಪಿಯನ್ನು ಬಿಟ್ಟುಬಿಡಿ ಅಂತ ವೈಟ್‌ಲಿಸ್ಟ್ ಮಾಡಿಸಬಹುದು, ಆದರೆ ಅದಕ್ಕೆ ಸ್ಟ್ಯಾಟಿಕ್ ಐಪಿ ಬೇಕು. ರೌಟರಿನ ಒಳಗೆ ಕಾಣುವ ವ್ಯಾನ್ ಐಪಿಯನ್ನು (ಬ್ರಾಡ್‌ಬ್ಯಾಂಡಿನವರು ರೌಟರಿಗೆ ಕೊಟ್ಟ ಐಪಿ) ಹೊರಗಿನ ಸೈಟು ತೋರಿಸಿದ ಐಪಿಗೆ ಹೋಲಿಸಿ. ಎರಡೂ ಬೇರೆ ಇದ್ದು, ರೌಟರಿನಲ್ಲಿ 100.64ರಿಂದ 100.127ರ ನಡುವಿನ ನಂಬರ್ ಇದ್ದರೆ ಬ್ರಾಡ್‌ಬ್ಯಾಂಡಿನವರು ನಿಮ್ಮನ್ನು ಇನ್ನೂ ಹಲವು ಗಿರಾಕಿಗಳ ಜೊತೆ ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂಡಿಸಿದ್ದಾರೆ ಅಂತ ಅರ್ಥ. ಹಾಗಿದ್ದಾಗ ಅದೇ ಹೋಸ್ಟಿಂಗಿನಲ್ಲಿ ಮೇಲ್ ಇರುವ ಬೇರೆ ಯಾರದೋ ತಪ್ಪಿಗೆ ನಿಮ್ಮ ಮೇಲ್ ನಿಲ್ಲಬಹುದು. ನಿಮ್ಮ ಆಫೀಸಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗದು. ಹೊಸ ರೌಟರಿಗೆ ಕೊಡುವ ದುಡ್ಡನ್ನು ಸ್ಟ್ಯಾಟಿಕ್ ಐಪಿಗೆ ಕೊಡಿ ಅನ್ನುವುದು ನನ್ನ ಸಲಹೆ.

ಒಂದೇ ಐಡಿಯವರಿಗೆ ಮಾತ್ರ ನಿಂತರೆ

ಸೇಲ್ಸ್ ಅಂತ ಒಂದು ಮೇಲ್ ಐಡಿ ಇರುತ್ತದೆ, ಅದನ್ನು ನಾಲ್ಕು ಕಂಪ್ಯೂಟರಿನಲ್ಲಿ, ಮೂರು ಮೊಬೈಲಿನಲ್ಲಿ ಹಾಕಿಟ್ಟಿರುತ್ತಾರೆ. ಐಮ್ಯಾಪ್‌ನಲ್ಲಿ ಒಂದು ಸಾಫ್ಟ್‌ವೇರ್ ಒಂದೇ ಕನೆಕ್ಷನ್ ಮಾಡುವುದಿಲ್ಲ. ಥಂಡರ್‌ಬರ್ಡ್ ಒಂದು ಅಕೌಂಟಿಗೆ 5ರವರೆಗೆ ತೆರೆಯುತ್ತದೆ. ಬಹಳ ಹೋಸ್ಟಿಂಗಿನಲ್ಲಿ ಮೇಲ್ ಕೊಡುವುದು ಡವ್‌ಕಾಟ್ ಅನ್ನುವ ಸಾಫ್ಟ್‌ವೇರ್, ಅದು ಒಂದು ಐಡಿಗೆ ಒಂದು ಐಪಿಯಿಂದ 10 ಕನೆಕ್ಷನ್ ಸಾಕು ಅನ್ನುತ್ತದೆ, ಯಾರೂ ಬದಲಿಸದಿದ್ದರೆ. ಜಿಮೇಲ್‌ನಲ್ಲಿ ಒಂದು ಅಕೌಂಟಿಗೆ 15. ಹಾಗಾಗಿ ಮೂರನೆಯವರು ಕಂಪ್ಯೂಟರ್ ಚಾಲೂ ಮಾಡಿದಾಗ ಯಾರಿಗೋ ಒಬ್ಬರಿಗೆ ಬಾಗಿಲು ಮುಚ್ಚುತ್ತದೆ. ಊಟಕ್ಕೆ ಎದ್ದವರು ಲ್ಯಾಪ್‌ಟಾಪ್ ಮುಚ್ಚಿದರೆ ಇವರಿಗೆ ಮೇಲ್ ಬರುತ್ತದೆ. ಇದನ್ನು ವಾರಗಟ್ಟಲೆ ಲೈನಿನ ದೋಷ ಅಂತ ಬೈದುಕೊಂಡಿರುತ್ತಾರೆ.

ಥಂಡರ್‌ಬರ್ಡಿನ ಸರ್ವರ್ ಸೆಟ್ಟಿಂಗಿನಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಆ 5 ಕಾಣುತ್ತದೆ, ಅದನ್ನು 2 ಮಾಡಿ. ಮೊಬೈಲಿನಲ್ಲಿ ಬೇಡದವರಿಂದ ತೆಗೆಸಿ. ಪ್ರತಿಯೊಬ್ಬರಿಗೂ ಬೇರೆ ಐಡಿ ಕೊಟ್ಟು ಸೇಲ್ಸಿಗೆ ಬಂದದ್ದು ಎಲ್ಲರಿಗೂ ಹೋಗುವ ಹಾಗೆ ಮಾಡುವುದೇ ಸರಿಯಾದ ವ್ಯವಸ್ಥೆ, ಆದರೆ ಮಾಲೀಕರು ಒಪ್ಪಬೇಕಲ್ಲ.

ಆಫೀಸಿನ ಒಳಗಿನ ದೋಷಗಳು

ಇನ್ನು ಹಾಟ್‌ಸ್ಪಾಟಿನಲ್ಲಿ ಮೇಲ್ ಬರುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ನಿಲ್ಲುತ್ತಿದೆ ಅಂದರೆ ಬ್ಲಾಕ್ ಅಲ್ಲ. ಒಂದು ಕಂಪ್ಯೂಟರಿನಿಂದ ರೌಟರಿಗೆ ಪಿಂಗ್ ಹಾಕಿ, ಕೊನೆಗೆ ಮೈನಸ್ ಟಿ ಸೇರಿಸಿ, ದಿನವಿಡೀ ಓಡಲು ಬಿಡಿ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೂ ಹಾಗೇ ಹಾಕಿ. ರೌಟರಿನದೇ ಉತ್ತರ ತಪ್ಪುತ್ತಿದ್ದರೆ ದೋಷ ನಿಮ್ಮ ಗೋಡೆಯ ಒಳಗೆ. ರೌಟರ್ ಸರಿ ಇದ್ದು 8.8.8.8 ಮಾತ್ರ ತಪ್ಪುತ್ತಿದ್ದರೆ ಬ್ರಾಡ್‌ಬ್ಯಾಂಡಿನವರಿಗೆ ಫೋನ್ ಮಾಡಿ.

ಗೋಡೆಯ ಒಳಗೆ ನಮ್ಮ ಕಡೆ ಮೂರು ಕಳ್ಳರು. ಒಂದು, ಕೇಬಲ್. ಆಫೀಸಿನಿಂದ ಶೆಡ್ಡಿಗೆ ಹೋಗುವ ನೆಟ್‌ವರ್ಕ್ ಕೇಬಲನ್ನು ತ್ರೀ ಫೇಸ್ ಕೇಬಲಿನ ಜೊತೆಗೇ ಕಟ್ಟಿ ಎಳೆದಿರುತ್ತಾರೆ. ಇಂಡಕ್ಷನ್ ಫರ್ನೇಸ್ ಅಥವಾ ದೊಡ್ಡ ಮೋಟಾರಿನ ಡ್ರೈವ್ ಚಾಲೂ ಆದ ಹೊತ್ತಿಗೇ ಪಿಂಗ್ ತಪ್ಪುತ್ತಿದೆಯಾ ನೋಡಿ. ತಾಮ್ರದ ನೆಟ್‌ವರ್ಕ್ ಕೇಬಲಿಗೆ 100 ಮೀಟರ್ ಮಿತಿ ಅನ್ನುವುದೂ ಶೆಡ್ಡಿಗೆ ಎಳೆಯುವಾಗ ಮರೆತುಹೋಗಿರುತ್ತದೆ. ಅಗ್ಗಕ್ಕೆ ಸಿಗುವ ಕೇಬಲಿನಲ್ಲಿ ಎಷ್ಟೋ ಸಲ ಇರುವುದು ತಾಮ್ರ ಹಚ್ಚಿದ ಅಲ್ಯೂಮಿನಿಯಂ, ಅದು ಇನ್ನೂ ಬೇಗ ಸೋಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ ಮಳೆ ಗೊತ್ತಲ್ಲ, ಹೊರಗೆ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಮಳೆ ಬಂದ ದಿನವಷ್ಟೇ ದೋಷ ಕಾಣುತ್ತದೆ. ಶೆಡ್ಡಿಗೆ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಡಬ್ಬಿ) ಹಾಕಿದರೆ ಈ ಗೋಳು ಒಂದೇ ಸಲಕ್ಕೆ ಮುಗಿಯುತ್ತದೆ.

ಎರಡು, ಕರೆಂಟ್. ಕಂಪ್ಯೂಟರುಗಳಿಗೆ ಯುಪಿಎಸ್ ಇರುತ್ತದೆ, ಮೂಲೆಯ ನೆಟ್‌ವರ್ಕ್ ಸ್ವಿಚ್ಚಿನ (ಕೇಬಲುಗಳನ್ನು ಕೂಡಿಸುವ ಡಬ್ಬಿಯ) ಅಡಾಪ್ಟರ್ ಮಾತ್ರ ಸಾದಾ ಬೋರ್ಡಿನಲ್ಲಿ ಇರುತ್ತದೆ. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದರೆ ಸ್ವಿಚ್ ಮತ್ತೆ ಶುರುವಾಗುತ್ತದೆ, ಕಂಪ್ಯೂಟರ್ ಮುಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಮೇಲ್ ಮಾತ್ರ ಕಡಿಯುತ್ತದೆ.

ಮೂರು, ಐಪಿ ಜಗಳ. ಹಾಜರಿ ಹಾಕುವ ಬೆರಳಚ್ಚು ಯಂತ್ರಕ್ಕೆ ಕೈಯಾರೆ ಒಂದು ಐಪಿ ಕೊಟ್ಟಿರುತ್ತಾರೆ, ರೌಟರ್ ಅದೇ ಐಪಿಯನ್ನು ಯಾವುದೋ ಕಂಪ್ಯೂಟರಿಗೂ ಹಂಚುತ್ತದೆ. ವಿಂಡೋಸ್ ಇವೆಂಟ್ ವ್ಯೂವರಿನಲ್ಲಿ 4199 ನಂಬರಿನ ದಾಖಲೆ ಇದ್ದರೆ ಇದೇ. ಇದಕ್ಕಿಂತ ಕೆಟ್ಟದ್ದು, ವೈಫೈ ಸಿಗುತ್ತಿಲ್ಲ ಅಂತ ಯಾರೋ ಮನೆಯಿಂದ ಹಳೆಯ ರೌಟರ್ ತಂದು ಹಾಕಿರುವುದು. ಅದರ ಐಪಿಯೂ 192.168.1.1, ನಿಮ್ಮ ರೌಟರಿನದೂ ಅದೇ. ಮೇಲ್ ಸರಿ ಇದ್ದಾಗ ಎಆರ್‌ಪಿ ಮೈನಸ್ ಎ ಕಮಾಂಡ್ ಹಾಕಿ ರೌಟರಿನ ಐಪಿಯ ಮುಂದಿರುವ ಮ್ಯಾಕ್ ನಂಬರ್ (ಪ್ರತಿ ಉಪಕರಣದ ಬೇರೆ ಬೇರೆ ಗುರುತು) ಬರೆದಿಡಿ. ನಿಂತಾಗ ಮತ್ತೆ ಹಾಕಿ. ನಂಬರ್ ಬದಲಾಗಿದ್ದರೆ ಕಳ್ಳ ಸಿಕ್ಕಂತೆ, ಟೇಬಲ್ಲುಗಳ ಕೆಳಗೆ ಬಗ್ಗಿ ನೋಡುತ್ತಾ ಹೋಗಿ.

ಉಳಿದವು

ಡಿಎನ್‌ಎಸ್: ಬ್ರಾಡ್‌ಬ್ಯಾಂಡ್ ಕಂಪನಿ ಬದಲಾಗಿರುತ್ತದೆ, ಕೆಲವು ಕಂಪ್ಯೂಟರಿನಲ್ಲಿ ಹಳೆಯ ಕಂಪನಿಯ ಡಿಎನ್‌ಎಸ್ ನಂಬರ್ ಹಾಗೇ ಕೂತಿರುತ್ತದೆ. ಎನ್‌ಎಸ್‌ಲುಕಪ್ ಕಮಾಂಡಿನಲ್ಲಿ ಪ್ರತಿ ಡಿಎನ್‌ಎಸ್ ಸರ್ವರಿಗೂ ಬೇರೆ ಬೇರೆಯಾಗಿ ನಿಮ್ಮ ಮೇಲ್ ಸರ್ವರಿನ ಹೆಸರು ಕೇಳಿ ನೋಡಿ. ಹೆಸರಿಗೆ ಎರಡು ಐಪಿ ಬಂದರೆ ಎರಡಕ್ಕೂ ಪೋರ್ಟ್ ಪರೀಕ್ಷೆ ಮಾಡಿ. ಹೋಸ್ಟಿಂಗ್ ಬದಲಿಸಿದಾಗ ಹಳೆಯ ಐಪಿ ಅಳಿಸದೇ ಬಿಟ್ಟಿದ್ದರೆ ಒಂದು ಸಲ ಮೇಲ್ ಬರುತ್ತದೆ, ಒಂದು ಸಲ ಇಲ್ಲ.

ಊಟ ಮುಗಿಸಿ ಬಂದು ಮೊದಲ ಸಲ ಸೆಂಡ್ ಒತ್ತಿದಾಗ ಸಿಕ್ಕಿಕೊಂಡು, ಎರಡನೇ ಸಲ ಹೋದರೆ ಅದು ರೌಟರಿನ ನ್ಯಾಟ್ ಟೈಮ್‌ಔಟ್, ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಕನೆಕ್ಷನ್ನನ್ನು ರೌಟರ್ ಮರೆತುಬಿಡುವುದು. ಐಮ್ಯಾಪ್‌ನಲ್ಲಿ ಹೊಸ ಮೇಲಿಗೆ ಕಾಯುತ್ತಾ ಕೂರುವ ಐಡಲ್ ಕನೆಕ್ಷನ್ನನ್ನು 29 ನಿಮಿಷಕ್ಕೊಮ್ಮೆಯಾದರೂ ಹೊಸದು ಮಾಡಿ ಅಂತ 1997ರ ನಿಯಮದಲ್ಲೇ ಇದೆ, ಆದರೆ ಕೆಲವು ಅಗ್ಗದ ರೌಟರುಗಳು ಅದಕ್ಕಿಂತ ಬೇಗ ಸದ್ದಿಲ್ಲದೆ ಕಡಿಯುತ್ತವೆ. ರೌಟರಿನಲ್ಲಿ ಟಿಸಿಪಿ ಟೈಮ್‌ಔಟ್ ಇದ್ದರೆ ಏರಿಸಿ. ಇಲ್ಲದಿದ್ದರೆ ಔಟ್‌ಲುಕ್ 5 ನಿಮಿಷಕ್ಕೊಮ್ಮೆ ಮೇಲ್ ನೋಡುವ ಹಾಗೆ ಇಡಿ.

ಸಣ್ಣ ಮೇಲ್ ಹೋಗುತ್ತದೆ, ಡ್ರಾಯಿಂಗ್ ಅಟ್ಯಾಚ್ ಮಾಡಿದ್ದು ಹೋಗುವುದಿಲ್ಲ ಅಂದರೆ ಎಂಟಿಯು (ಲೈನಿನಲ್ಲಿ ಒಂದು ಸಲಕ್ಕೆ ಹೋಗುವ ಡೇಟಾ ತುಂಡಿನ ದೊಡ್ಡ ಅಳತೆ) ನೋಡಿ. ಪಿಪಿಪಿಒಇ ಲೈನಿನಲ್ಲಿ (ರೌಟರಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಮಾಡುವ ಲೈನು) ಅದು 1500 ಅಲ್ಲ, 1492. ಪಿಂಗ್‌ಗೆ ಮೈನಸ್ ಎಫ್, ಮೈನಸ್ ಎಲ್ ಸೇರಿಸಿ 1464 ಕೊಟ್ಟರೆ ಹೋಗಬೇಕು, 1472 ಹೋಗಬಾರದು. 1464 ಕೂಡ ಹೋಗದಿದ್ದರೆ ಹೋಗುವವರೆಗೆ ಇಳಿಸುತ್ತಾ ಬನ್ನಿ, ಸಿಕ್ಕ ಸಂಖ್ಯೆಗೆ 28 ಕೂಡಿಸಿ ರೌಟರಿನಲ್ಲಿ ಹಾಕಿ.

ಎರಡು ಬ್ರಾಡ್‌ಬ್ಯಾಂಡ್ ಲೈನು ಸೇರಿಸಿ ಲೋಡ್ ಹಂಚಿದ್ದರೆ ಒಂದೊಂದೇ ಲೈನು ಕಿತ್ತು ಅರ್ಧ ದಿನ ನೋಡಿ. ಒಂದೇ ಕಂಪ್ಯೂಟರಿನ ತೊಂದರೆ ಆದರೆ ಆಂಟಿವೈರಸ್‌ನ ಮೇಲ್ ಸ್ಕ್ಯಾನ್ ಆಫ್ ಮಾಡಿ ನೋಡಿ, ಗಡಿಯಾರ ಸರಿ ಇದೆಯಾ ನೋಡಿ. ಮದರ್‌ಬೋರ್ಡಿನ ಸೆಲ್ ಸತ್ತು ತಾರೀಕು ಹಿಂದೆ ಹೋದರೆ ಸರ್ಟಿಫಿಕೇಟ್ ಎರರ್ ಬರುತ್ತದೆ.

ಹೋಸ್ಟಿಂಗಿನವರಿಗೆ ಬರೆಯುವಾಗ "ಮೇಲ್ ಸರಿಯಿಲ್ಲ" ಅಂತ ಬರೆಯಬೇಡಿ, "ನಮ್ಮ ಕಡೆ ಎಲ್ಲ ಸರಿ ಇದೆ" ಅನ್ನುವ ಉತ್ತರ ರೆಡಿ ಇರುತ್ತದೆ. ನಿಂತ ಗಂಟೆ, ಆಗಿನ ಪಬ್ಲಿಕ್ ಐಪಿ, ಮೇಲ್ ಐಡಿ, ಎರರ್ ಕೋಡ್ ಬರೆಯಿರಿ. ಗಂಟೆಯ ಪಕ್ಕ ಭಾರತದ ಸಮಯ ಅಂತ ಸೇರಿಸಿ, ಸರ್ವರಿನ ಲಾಗ್ ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇದ್ದರೆ ಐದೂವರೆ ಗಂಟೆ ಹಿಂದೆ ಇರುತ್ತದೆ, ಅವರು ಬೇರೆ ಹೊತ್ತಿನದನ್ನು ನೋಡಿ ಏನೂ ಇಲ್ಲ ಅನ್ನುತ್ತಾರೆ. ಅದೇ ನಿಮಿಷದಲ್ಲಿ ಆಫೀಸಿನ ಲೈನಿನಿಂದ ಒಂದು, ಹಾಟ್‌ಸ್ಪಾಟಿನಿಂದ ಒಂದು ಪೋರ್ಟ್ ಪರೀಕ್ಷೆ ಮಾಡಿ ಎರಡರ ಫೋಟೋ ಹಾಕಿ. ಎರಡರಲ್ಲೂ ಫಾಲ್ಸ್ ಇದ್ದರೆ ಸರ್ವರನ್ನು ನೋಡಬೇಕಾದವರು ಅವರೇ. ಆಫೀಸಿನದರಲ್ಲಿ ಮಾತ್ರ ಫಾಲ್ಸ್ ಇದ್ದರೆ ಬ್ಲಾಕ್ ಪಟ್ಟಿಯಲ್ಲಿ ನಿಮ್ಮ ಐಪಿ ಇದೆಯಾ ಅಂತ ಅವರು ನೋಡಲೇಬೇಕಾಗುತ್ತದೆ.